ಮನೆ ನೋಡುವ ಮುಂಚೆ ಬರೆ ನೋಡಿ

ಮಡಿಕೇರಿಯಲ್ಲಿ ಮೊದಲ ಮನೆ ಹುಡುಕುವವರು ಕಿಟಕಿ ತೆಗೆದು ಮಂಜು ನೋಡುತ್ತಾರೆ. ಮೊದಲು ನೋಡಬೇಕಾದ್ದು ಮನೆ ಹಿಂದಿನ ಬರೆಯನ್ನು, ಅಂದರೆ ಗುಡ್ಡ ಕಡಿದಾಗ ಉಳಿದ ಕಡಿದಾದ ಮಣ್ಣಿನ ಗೋಡೆಯನ್ನು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದಾಗ, ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಹೇಳಿತು. ಕಡಿದ ಗುಡ್ಡಕ್ಕೆ ಬುಡದ ಆಸರೆ ಇರುವುದಿಲ್ಲ. ನೀರು ಕುಡಿದ ಮಣ್ಣಿನ ತೂಕ ಮಾತ್ರ ಏರುತ್ತಲೇ ಹೋಗುತ್ತದೆ. ಅದಕ್ಕೇ ಜುಲೈ ಮಳೆಯಲ್ಲೊಮ್ಮೆ ಹೋಗಿ ನೋಡಿ. ತಡೆಗೋಡೆಯ ತೂತುಗಳಿಂದ ನೀರು ಇಳಿಯುತ್ತಿದೆಯೇ, ಇಲ್ಲ ತೂತು ಮುಚ್ಚಿ ಗೋಡೆ ಹೊಟ್ಟೆ ಉಬ್ಬಿದೆಯೇ? ಅಂಗಳದಲ್ಲಿ ಬರೆಯುದ್ದಕ್ಕೂ ಬಿರುಕು ಓಡಿದೆಯೇ? ಆ ಜಾಗದಲ್ಲೇ ಹೊಸ ಸಿಮೆಂಟು ಮೆತ್ತಿದ್ದರಂತೂ ಇನ್ನೊಮ್ಮೆ ನೋಡಿ.

20 ವರ್ಷದಿಂದ ನಿಂತ ಮನೆ, ಈಗೇನಾಗುತ್ತೆ ಅನ್ನುತ್ತಾರೆ. ಮೇಲಿನ ಜಾಗದಲ್ಲಿ ಹೋದ ವರ್ಷ ಜೆಸಿಬಿ ಓಡಾಡಿದ್ದರೆ ಆ 20 ವರ್ಷದ ಲೆಕ್ಕ ಅಲ್ಲಿಗೇ ಮುಗಿಯಿತು. ಹಾಗಾದರೆ ಕುಶಾಲನಗರದ ಸಮತಟ್ಟೇ ವಾಸಿಯಲ್ಲವೇ? ಅಲ್ಲಿ ಕಾವೇರಿ ಇದೆ. 2018, 2019ರಲ್ಲಿ ಬಡಾವಣೆಗಳೊಳಗೇ ನುಗ್ಗಿದ್ದಳು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಇನ್ನು ಕಾಗದಪತ್ರ. ಋಣಭಾರ ಪತ್ರ, ಭೂಪರಿವರ್ತನೆ ಆದೇಶ ಎಲ್ಲ ಊರಲ್ಲೂ ಬೇಕು. ಕೊಡಗಿನ ವಿಶೇಷ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯದ ಜಮೀನು: ಪಹಣಿಯಲ್ಲಿ ಪಟ್ಟೇದಾರರೊಬ್ಬರ ಹೆಸರಿದ್ದರೂ ಹಕ್ಕು ಇಡೀ ಕುಟುಂಬದ್ದಾಗಿರಬಹುದು. ಒಬ್ಬರ ಸಹಿ ನಂಬಿ ಕೊಂಡರೆ ಉಳಿದ ಪಾಲುದಾರರು ನಾಳೆ ಕೋರ್ಟಿಗೆ ಹೋಗಬಹುದು. ಇಲ್ಲಿಯ ಜಮೀನು ವ್ಯವಹಾರ ಗೊತ್ತಿರುವ ವಕೀಲರಿಗೆ ಕಾಗದ ತೋರಿಸಿ. ಮುಂಗಡ ಕೊಡುವ ಮಾತು ಆಮೇಲೆ.