ಸಾಲಿಗ್ರಾಮದ ಮರೆಯಲ್ಲೊಬ್ಬ ರಾಜ

ಸ್ಪಿತಿಗೆ ಹೋದವರೆಲ್ಲ ಹುಡುಕುವುದು ಸಾಲಿಗ್ರಾಮವನ್ನೇ. ಲಾಂಗ್ಜಾದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು, ಊರ ಮಕ್ಕಳು ಅಂಗೈಯಲ್ಲಿ ತೋರಿಸುವ ಸುರುಳಿ ಕಲ್ಲಿಗೆ ಚೌಕಾಸಿ ಮಾಡಿ ಕಾಜಾಕ್ಕೆ ಇಳಿದರೆ ಅವರ ಭೂವಿಜ್ಞಾನ ಮುಗಿಯಿತು. ಕವಲೊಡೆದ ಪಿನ್ ಕಣಿವೆಯ ದಾರಿ ಹಿಡಿದವರಿಗೆ ಬೇರೆಯೇ ಭಾಗ್ಯ. ಗುಲಿಂಗ್‌ನಿಂದ ಮುದ್ ಹಳ್ಳಿಯವರೆಗಿನ ಹಳೆಯ ಕಡಲ ಪದರಗಳಲ್ಲಿ, ಆ ಸಾಲಿಗ್ರಾಮಕ್ಕಿಂತ ಸುಮಾರು 10 ಕೋಟಿ ವರ್ಷ ಹಿರಿಯವೆನಿಸಿದ ಚಿಪ್ಪುಗಳು ಹುದುಗಿವೆ. ಇವು ಬ್ರಾಕಿಯೋಪಾಡ್‌ಗಳು.

ಮೊದಲ ನೋಟಕ್ಕೆ ಕರಾವಳಿಯವರು ಇವನ್ನು ಮರುವಾಯಿ (ಕಪ್ಪೆಚಿಪ್ಪು) ಎಂದೇ ಅಂದುಕೊಳ್ಳುತ್ತಾರೆ. ಕೈಗೆತ್ತಿಕೊಂಡು ತಿರುಗಿಸಿದರೆ ಅನುಮಾನ ಶುರು. ಕೀಲಿನ ಗೆರೆ ನೆಟ್ಟಗೆ, ಉದ್ದಕ್ಕೆ; ಅಲ್ಲಿಂದ ಬೀಸಣಿಗೆಯಂತೆ ಹರಡಿದ ಗೀರುಗಳು; ಒಂದು ಚಿಪ್ಪಿನ ನಡುವೆ ತಗ್ಗು, ಅದಕ್ಕೆ ಸರಿಯಾಗಿ ಎದುರು ಚಿಪ್ಪಿನಲ್ಲಿ ಉಬ್ಬು. ಮರುವಾಯಿಯ ಎರಡು ಚಿಪ್ಪುಗಳು ಒಂದಕ್ಕೊಂದು ಕನ್ನಡಿ. ಇಲ್ಲಿ ಎರಡೂ ಬೇರೆ ಬೇರೆ, ಆದರೆ ಒಂದೊಂದು ಚಿಪ್ಪಿನ ಎಡ-ಬಲ ಮಾತ್ರ ಪಡಿಯಚ್ಚು. ಒಳಗಿದ್ದ ಪ್ರಾಣಿಗೂ ಮರುವಾಯಿಗೂ ನೆಂಟಸ್ತಿಕೆ ಬಲು ದೂರದ್ದು. ಆಹಾರ ಸೋಸುವ ಅಂಗಕ್ಕೆ ಆಸರೆಯಾಗಿ, ಬ್ರಾಕಿಯೋಪಾಡ್‌ಗಳಲ್ಲೇ ಸ್ಪಿರಿಫರ್ ಎಂಬ ಗುಂಪಿನ ಚಿಪ್ಪಿನೊಳಗೆ ಎರಡು ಸುರುಳಿಗಳಿರುತ್ತಿದ್ದವು, ಪೆನ್ನಿನ ಸ್ಪ್ರಿಂಗಿನ ಹಾಗೆ. ಹೆಸರು ಬಂದದ್ದೂ ಅದರಿಂದಲೇ.

ರೆಕ್ಕೆ ಚಾಚಿದ ಹಕ್ಕಿಯಂತೆ ಕಾಣುವ ಈ ಗುಂಪನ್ನು ಚೀನಾದವರು 'ಕಲ್ಲು ಕವಲುತೋಕೆ' ಎಂದೇ ಕರೆದರು. ಹುನಾನ್‌ನ ಲಿಂಗ್‌ಲಿಂಗ್‌ನಲ್ಲಿ ಬಿರುಮಳೆ ಬಂದಾಗ ಈ ಕಲ್ಲುಗಳು ಜೀವ ಬಂದಂತೆ ಹಾರುತ್ತವೆ ಎಂಬ ನಂಬಿಕೆ ಶತಮಾನಗಳ ಕಾಲ ನಡೆಯಿತು. ಔಷಧಿ ಅಂಗಡಿಯಲ್ಲಿ ಅವನ್ನು ಅರೆದು ಮಾರಿದ್ದೂ ಉಂಟು. 12ನೇ ಶತಮಾನದಲ್ಲಿ ಡು ವಾನ್ ಎಂಬ ಕಲ್ಲುಗಳ ಪ್ರೇಮಿ ಸುಮ್ಮನೆ ಕೂರಲಿಲ್ಲ. ಬಂಡೆ ಹತ್ತಿ, ಅಲ್ಲಿದ್ದ ಚಿಪ್ಪುಗಳಿಗೆ ಕುಂಚದಿಂದ ಗುರುತು ಹಾಕಿ ಬಂದ. ಬಿಸಿಲಿಗೆ ಕಾದ ಬಂಡೆಯ ಮೇಲೆ ಮಳೆ ಸುರಿದಾಗ ಗುರುತಿನ ಕಲ್ಲುಗಳೇ ಕಳಚಿ ಕೆಳಗೆ ಬಿದ್ದವು. ಹಾರಿದ್ದಲ್ಲ, ಉದುರಿದ್ದು! ಪ್ರಯೋಗಾಲಯವೆಂಬ ಮಾತೇ ಇಲ್ಲದ ಕಾಲದಲ್ಲಿ ಒಂದು ಕುಂಚ, ಒಂದು ಮಳೆಯಲ್ಲಿ ಕೆಲಸ ಮುಗಿಸಿದ ಈ ಮನುಷ್ಯನಿಗೆ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾದರೂ ಸಿಗಬೇಕಿತ್ತು.

ಹಿಮಾಲಯದ ಕಥೆಯಲ್ಲಿ ಇಷ್ಟು ತಮಾಷೆಯಿಲ್ಲ. ರಿಚರ್ಡ್ ಸ್ಟ್ರಾಚಿ ನೀತಿ ಕಣಿವೆಯ ಕಡೆಯಿಂದ ತಂದ ಪಳೆಯುಳಿಕೆಗಳನ್ನು ಪರೀಕ್ಷಿಸಿ ಜೆ. ಡಬ್ಲ್ಯು. ಸಾಲ್ಟರ್ 1865ರಲ್ಲಿ ಒಂದಕ್ಕೆ 'ಸ್ಪಿರಿಫರ್ ರಾಜಾ' ಎಂದು ಹೆಸರಿಟ್ಟರು. ಕುಲದ ಹೆಸರು ಈಗ ಸ್ಪಿರಿಫೆರೆಲ್ಲಾ ಆಗಿದೆ, ರಾಜಪದವಿ ಮಾತ್ರ ಹೋಗಿಲ್ಲ. ಅದೇ ಹೊತ್ತಿಗೆ ಸ್ಪಿತಿಯಲ್ಲಿ ಅಲೆದ ಭೂವಿಜ್ಞಾನಿ ಫರ್ಡಿನಾಂಡ್ ಸ್ಟೊಲಿಕ್ಸ್‌ಕಾ ಹಳ್ಳಿಗಳ ಹೆಸರನ್ನೇ ಪದರಗಳಿಗೆ ಕೊಟ್ಟರು: ಗುಲಿಂಗ್ 'ಕುಲಿಂಗ್' ಆಯಿತು, ಮುದ್ 'ಮುತ್' ಆಯಿತು. ಯಾರ್ಕಂಡ್ ಯಾತ್ರೆಯಿಂದ ಮರಳುತ್ತ 1874ರಲ್ಲಿ ಲಡಾಖ್‌ನಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಕುಲಿಂಗ್ ಪದರಗಳು ಮುಗಿಯುವಲ್ಲಿ ಬ್ರಾಕಿಯೋಪಾಡ್‌ಗಳ ಸುಗ್ಗಿಯೂ ಮುಗಿಯಿತು. ಸುಮಾರು 25.2 ಕೋಟಿ ವರ್ಷಗಳ ಹಿಂದಿನ ಮಹಾವಿನಾಶದಲ್ಲಿ ಅವುಗಳ ಬಹುಪಾಲು ಅಳಿಯಿತು. ಇಂದು ಬದುಕಿರುವುದು ಸುಮಾರು 400 ಪ್ರಭೇದ. ಅವುಗಳಲ್ಲೊಂದಾದ ಲಿಂಗ್ಯುಲಾ ಒಡಿಶಾ, ಬಂಗಾಳದ ಕೆಸರು ದಂಡೆಗಳಲ್ಲಿ ಈಗಲೂ ಬಿಲ ತೋಡಿಕೊಂಡಿದೆ. ನಮ್ಮ ಧಾರವಾಡ ಶಿಲೆಗಳಲ್ಲಿ ಇಂಥದ್ದನ್ನು ಹುಡುಕಿ ಪ್ರಯೋಜನವಿಲ್ಲ. ಚಿಪ್ಪು ಕಟ್ಟುವ ಜೀವಿ ಹುಟ್ಟುವ ಎಷ್ಟೋ ಮೊದಲೇ ಅವು ಕಲ್ಲಾಗಿದ್ದವು.

ಪಿನ್ ಕಣಿವೆಗೆ ಹೋಗುವವರು ಕಂಡ ಚಿಪ್ಪನ್ನು ಜೇಬಿಗೆ ಇಳಿಸಬೇಡಿ. ಪಕ್ಕಕ್ಕೊಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಕಲ್ಲು ಅಲ್ಲೇ ಇರಲಿ. ಯಾವ ಪದರದಲ್ಲಿತ್ತು ಎಂಬುದು ತಪ್ಪಿಹೋದರೆ ರಾಜನೂ ಬರೀ ಶೋಕೇಸಿನ ಕಲ್ಲು.