ನರಿಗೆ ಯಾವ ಗುಂಡು?

ಭಾನುವಾರ ಬೆಳಗ್ಗೆ ಸದರ್‌ನ ಮಂಗಳವಾರಿ ಬಜಾರಿನಿಂದ ತರಕಾರಿ ಚೀಲ ಹಿಡಿದು ಆಗಷ್ಟೇ ಮನೆಗೆ ಬಂದಿದ್ದೆ. ಫೋನು ಬಂತು. ಆಸ್ಟ್ರೇಲಿಯಾದಿಂದ ಅಕ್ಕನ ಮಗ.

"ಮಾಮಾ, ನೀವು ಮೂವತ್ತು ವರ್ಷ ಫ್ಯಾಕ್ಟರಿಯೊಳಗ ಇದ್ದವರು. ನರಿ ಹೊಡ್ಯಾಕ ಯಾವ ರೈಫಲ್ ತಗೋಬೇಕು ಹೇಳ್ರಿ."

ನಗು ಬಂತು. ಗದಗದ ಕಡೆ ನಮ್ಮೂರಲ್ಲಿ ಬೆಳಗ್ಗೆ ಎದ್ದು ನರಿ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರೆ. ಅದೇ ಊರಿನ ಹುಡುಗ ನರಿ ಹೊಡೆಯಲು ಹೊರಟಿದ್ದಾನೆ! ಆದರೆ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಮೆಲ್ಬರ್ನ್‌ನಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಲೇ ಬಲ್ಲಾರಟ್ ಊರಿನ ಹೊರಗೆ ಇಪ್ಪತ್ತು ಎಕರೆ ತೆಗೆದುಕೊಂಡು ಮೂವತ್ತು ಕುರಿ ಸಾಕಿದ್ದಾನೆ. ಈ ಚಳಿಗಾಲದಲ್ಲಿ ನಾಲ್ಕು ಮರಿ ಹೋದವಂತೆ. ಒಂದರ ನಾಲಿಗೆಯನ್ನೇ ಕಿತ್ತು ತಿಂದಿತ್ತಂತೆ.

"ಅಂಗಡಿಯವ ಫ್ಲ್ಯಾಟ್ ಶೂಟಿಂಗ್ ಕ್ಯಾಲಿಬರ್ ತಗೋ ಅಂತಾನ. ಗುಂಡು ಗೆರೆ ಎಳದಂಗ ಹೋಗತೈತಂತ. ಖರೇ ಏನ್ರಿ?"

ಅಂಬಾಝರಿಯ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ನನ್ನದು ತಪಾಸಣೆ ವಿಭಾಗ. ನಾವು ಮಾಡುತ್ತಿದ್ದುದು ತೋಪಿನ ಗುಂಡಿನ ಲೋಹದ ಭಾಗಗಳು, ಬೇಟೆಯ ರೈಫಲ್ ಅಲ್ಲ. ಆದರೂ ದೊಡ್ಡ ಗುಂಡಿಗೂ ಸಣ್ಣ ಗುಂಡಿಗೂ ಭೂಮಿಯ ಸೆಳೆತ ಒಂದೇ. ಅಲ್ಲಿಂದಲೇ ಶುರು ಮಾಡಿದೆ.

ಗೆರೆ ಎಳೆದ ಹಾಗೆ ಹೋಗುವ ಗುಂಡು ಜಗತ್ತಿನಲ್ಲಿಲ್ಲ. ನಳಿಗೆ ಬಿಟ್ಟ ಕ್ಷಣದಿಂದ ಗುಂಡು ಬೀಳುತ್ತಲೇ ಇರುತ್ತದೆ, ಮರದಿಂದ ಕಳಚಿದ ಮಾವಿನಕಾಯಿ ಬಿದ್ದ ಹಾಗೆಯೇ. ವ್ಯತ್ಯಾಸ ಇರುವುದು ಸಮಯದಲ್ಲಿ. ಬೇಗ ತಲುಪಿದರೆ ಬೀಳಲು ಪುರಸೊತ್ತು ಕಡಿಮೆ. ಹಳೆಯ .22 ರಿಮ್‌ಫೈರ್ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ ಹೊರಡುತ್ತದೆ. ನೂರು ಮೀಟರ್ ದಾಟುವಷ್ಟರಲ್ಲಿ ನಳಿಗೆಯ ನೇರದಿಂದ ಸುಮಾರು 40 ಸೆಂ.ಮೀ. ಬಿದ್ದಿರುತ್ತದೆ. ಸುಮಾರು 990 ಮೀಟರ್ ವೇಗದ .223 ರೆಮಿಂಗ್ಟನ್ ಅದೇ ದೂರದಲ್ಲಿ ಬೀಳುವುದು 5-6 ಸೆಂ.ಮೀ. ಅಷ್ಟೆ. ಈ ಬೀಳುವಿಕೆಯನ್ನು ಸರಿದೂಗಿಸಲು ನಳಿಗೆಯನ್ನು ಕೂದಲೆಳೆಯಷ್ಟು ಮೇಲೆತ್ತಿ ದುರ್ಬೀನನ್ನು ಹೊಂದಿಸುತ್ತಾರೆ. ಗುಂಡು ಸ್ವಲ್ಪ ಏರಿ, ಆಮೇಲೆ ಇಳಿದು ಗುರಿ ಸೇರುತ್ತದೆ. ಈ ಏರಿಳಿತ ಕಡಿಮೆ ಇದ್ದರೆ ಅದಕ್ಕೆ 'ಫ್ಲ್ಯಾಟ್' ಎನ್ನುವುದು.

ನರಿಯ ವಿಷಯದಲ್ಲಿ ಇದು ಏಕೆ ಮುಖ್ಯ? ನರಿ ಎಂದರೆ ಬಾಲ, ಕೂದಲು, ಕಾಲು ಎಲ್ಲ ಸೇರಿ ದೊಡ್ಡದಾಗಿ ಕಾಣುವ ಸಣ್ಣ ಪ್ರಾಣಿ. ಒಂದೇ ಏಟಿಗೆ ಸಾಯುವ ಜಾಗ, ಎದೆಯೊಳಗಿನ ಹೃದಯ ಮತ್ತು ಶ್ವಾಸಕೋಶ, ಸುಮಾರು ಹತ್ತು ಸೆಂ.ಮೀ. ಅಗಲ. ಅಂಗೈ ಮುಚ್ಚಿದರೆ ಮುಗಿಯಿತು. ರಾತ್ರಿ ದೀಪದ ಬೆಳಕಿನಲ್ಲಿ ಅದು 120 ಮೀಟರ್ ದೂರದಲ್ಲಿದೆಯೋ 170 ಮೀಟರೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. 50 ಮೀಟರಿಗೆ ಹೊಂದಿಸಿದ .22ರಲ್ಲಿ ನೂರು ಮೀಟರಿನ ನರಿಗೆ ನೇರ ಗುರಿಯಿಟ್ಟರೆ ಗುಂಡು ಹತ್ತಿರ ಹತ್ತಿರ ಗೇಣು ಕೆಳಗೆ ಹೋಗುತ್ತದೆ. ಒಂದೋ ತಪ್ಪುತ್ತದೆ, ಇಲ್ಲವೇ ಕಾಲು ಮುರಿಯುತ್ತದೆ. ಕಾಲು ಮುರಿದ ನರಿ ಪೊದೆಗೆ ನುಗ್ಗಿ ದಿನಗಟ್ಟಲೆ ನರಳಿ ಸಾಯುತ್ತದೆ. 200 ಮೀಟರಿಗೆ ಹೊಂದಿಸಿದ .223 ಆದರೆ ನಡುವೆ ಎಲ್ಲಿಯೂ ಗುರಿಯ ಗೆರೆಗಿಂತ 5 ಸೆಂ.ಮೀ. ಮೇಲೆ ಹೋಗದು. ದೂರದ ಅಂದಾಜು ತಪ್ಪಿದರೂ ಏಟು ತಪ್ಪುವುದಿಲ್ಲ. ಫ್ಲ್ಯಾಟ್ ಕ್ಯಾಲಿಬರಿನ ಉಪಕಾರ ಇಷ್ಟೇ: ನಮ್ಮ ಅಂದಾಜಿನ ತಪ್ಪನ್ನು ಅದು ಮನ್ನಿಸುತ್ತದೆ.

"ಹಂಗಾರ ಅದಕ್ಕಿಂತ ಜೋರಿಂದು .22-250 ತಗೊಂಡ್ರ?"

ಅಂಗಡಿಯ ಪಟ್ಟಿಯಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. 1935ರ .220 ಸ್ವಿಫ್ಟ್, 1955ರ .243 ವಿಂಚೆಸ್ಟರ್, 1965ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದ .22-250, 2004ರ .204 ರೂಗರ್. ಎಲ್ಲವೂ ವೇಗದ ಗುಂಡುಗಳೇ. .22-250ರ ವೇಗ ಸೆಕೆಂಡಿಗೆ 1,100 ಮೀಟರ್ ದಾಟುತ್ತದೆ. ಆದರೆ 200 ಮೀಟರಿನೊಳಗೆ .223ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದು ಬೆರಳ ದಪ್ಪವೂ ಅಲ್ಲ. 300 ಮೀಟರಿನಲ್ಲಿ ಮೊದಲನೆಯದು ಸುಮಾರು 20 ಸೆಂ.ಮೀ. ಇಳಿದರೆ ಎರಡನೆಯದು ಸುಮಾರು 15. ರಾತ್ರಿಯಲ್ಲಿ 300 ಮೀಟರ್ ದೂರದ ನರಿಗೆ ಗುಂಡು ಹಾರಿಸುವ ಯೋಗ್ಯತೆ ಹೊಸಬನಿಗೆ ಇಲ್ಲ. ಆ ಐದು ಸೆಂ.ಮೀ. ಉಳಿತಾಯಕ್ಕಾಗಿ ದುಬಾರಿ ತೋಟಾ, ಹೆಚ್ಚು ಸದ್ದು, ಬೇಗ ಸವೆಯುವ ನಳಿಗೆ ಏಕೆ?

ಇನ್ನೊಂದು ಮಾತು, ಗಾಳಿ. ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ 200 ಮೀಟರಿನಲ್ಲಿ .223ರ ಹಗುರ ಗುಂಡನ್ನು ಸುಮಾರು ಹತ್ತು ಸೆಂ.ಮೀ. ಪಕ್ಕಕ್ಕೆ ತಳ್ಳುತ್ತದೆ. ಎದೆಗಿಟ್ಟ ಗುರಿ ಹೊಟ್ಟೆಗೆ ಬೀಳಲು ಅಷ್ಟು ಸಾಕು. ಹೆಚ್ಚು ತೂಕದ ಗುಂಡು ಹಾಕುವ .243 ಗಾಳಿಯನ್ನು ಇನ್ನಷ್ಟು ಚೆನ್ನಾಗಿ ತಡೆಯುತ್ತದೆ, ಜಿಂಕೆಗೂ ಆಗುತ್ತದೆ. ಆದರೆ ಭುಜಕ್ಕೆ ಹೊಡೆತವೂ ಹೆಚ್ಚು. ಗಾಳಿ ಬೀಸುವ ರಾತ್ರಿ ಮನೆಯಲ್ಲಿ ಮಲಗುವುದು ಎಲ್ಲ ಕ್ಯಾಲಿಬರಿಗಿಂತ ಒಳ್ಳೆಯದು.

ಇಷ್ಟು ಹೇಳಿದ ಮೇಲೆ ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ನಿನ್ನ ಹೊಲದ ಹಿಂದ ಏನೈತಿ?"

"ರಸ್ತೆ ಐತ್ರಿ. ಅದರಾಚೆ ಎರಡು ಮನಿ."

"ಮತ್ತ ಎಡಕ್ಕ?"

"ಶಾಲಿ ಬಸ್ ನಿಲ್ಲೋ ಜಾಗ."

ಇಬ್ಬರೂ ಸುಮ್ಮನಾದೆವು. ನರಿಗೆ ತಗಲದ ಗುಂಡು ಮಾಯವಾಗುವುದಿಲ್ಲ. ನಿಧಾನದ್ದು ಎಂದು ನಾವು ಹಗುರಾಗಿ ಕಾಣುವ .22 ಕೂಡ ಒಂದೂವರೆ ಕಿ.ಮೀ. ಹೋಗಬಲ್ಲದು, ಅದು ನೆಲಕ್ಕೋ ಕಲ್ಲಿಗೋ ಬಡಿದು ಚಿಮ್ಮುವುದೂ ಹೆಚ್ಚು. ವೇಗದ ಹಗುರ ಗುಂಡು ನೆಲಕ್ಕೆ ಬಡಿದರೆ ಸಾಮಾನ್ಯವಾಗಿ ಪುಡಿಯಾಗುತ್ತದೆ, ಅದು ಅದರ ಒಳ್ಳೆಯ ಗುಣ. ಆದರೆ ನೆಲಕ್ಕೆ ಬಡಿದರೆ ಮಾತ್ರ! ಬಡಿಯದೆ ಗಾಳಿಯಲ್ಲೇ ಹೋದರೆ ಅದು .22ಕ್ಕಿಂತಲೂ ಬಹಳ ದೂರ ಹೋಗುತ್ತದೆ. ನರಿಯ ಹಿಂದೆ ಮಣ್ಣಿನ ದಿಬ್ಬ ಕಾಣದಿದ್ದರೆ ಯಾವ ಕ್ಯಾಲಿಬರೂ ಸರಿಯಾದ ಕ್ಯಾಲಿಬರ್ ಅಲ್ಲ. ಅಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ನಂತರ ಬಂದೂಕು ಕಾನೂನು ಬಿಗಿಯಾಗಿದೆ. ವಿಕ್ಟೋರಿಯಾದಲ್ಲಿ ರಿಮ್‌ಫೈರ್‌ಗೆ 'ಎ' ವರ್ಗದ ಲೈಸೆನ್ಸ್, .223ರಂಥ ಸೆಂಟರ್‌ಫೈರ್‌ಗೆ 'ಬಿ' ವರ್ಗದ್ದು. ಲೈಸೆನ್ಸ್ ಸಿಗಬಹುದು, ದಿಬ್ಬ ಸಿಗುವುದಿಲ್ಲ.

ಹಾಗೆಂದು ಅಲ್ಲಿ ನರಿ ಹೊಡೆಯುವುದೇ ತಪ್ಪು ಎನ್ನಲಾರೆ. ನರಿ ಆ ನೆಲದ್ದಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ವಲಸಿಗರು ಬೇಟೆಯ ಶೋಕಿಗಾಗಿ ತಂದು ಬಿಟ್ಟ ಕೆಂಪು ನರಿ ಇಂದು ಆ ಖಂಡದ ಬಹುಭಾಗ ಹಬ್ಬಿದೆ. ಅಲ್ಲಿನ ಸಣ್ಣ ಪುಟ್ಟ ಕಾಡುಪ್ರಾಣಿಗಳು ಅದರ ಬಾಯಿಗೆ ಸಿಕ್ಕಿ ನಾಶವಾಗಿವೆ. ಆದರೆ ಕುರಿಮರಿಗಳ ಲೆಕ್ಕ ಬೇರೆ. ಅಲ್ಲಿ ಸಾಯುವ ಮರಿಗಳಲ್ಲಿ ಹೆಚ್ಚಿನವು ಚಳಿಗೆ, ಹಸಿವಿಗೆ, ತಾಯಿ ಬಿಟ್ಟು ಹೋಗಿ ಸಾಯುತ್ತವೆ. ಎಷ್ಟೋ ಸಲ ನರಿ ತಿನ್ನುವುದು ಆಗಲೇ ಸತ್ತ ಮರಿಯನ್ನು. ಒಬ್ಬನೇ ರೈತ ಎರಡು ನರಿ ಹೊಡೆದರೆ ಪಕ್ಕದ ಹೊಲದಿಂದ ಇನ್ನೆರಡು ಬರುತ್ತವೆ. ಸುತ್ತಲಿನವರೆಲ್ಲ ಕೂಡಿ ಮಾಡಿದರೆ ಮಾತ್ರ ಫಲ.

ನಮ್ಮ ಕಡೆ ಇದೇ ಪ್ರಶ್ನೆಗೆ ಉತ್ತರ ಪೂರ್ತಿ ಬೇರೆ. ನಾಗಪುರದ ಮರಾಠಿ ಜನ ಕೋಲ್ಹಾ, ಖೋಕಡ ಎಂದು ಎರಡು ಹೆಸರಿಟ್ಟು ಎರಡು ಪ್ರಾಣಿಗಳನ್ನು ಬೇರೆ ಮಾಡುತ್ತಾರೆ. ಮೊದಲನೆಯದು ಗುಳ್ಳೆನರಿ, ಎರಡನೆಯದು ಬಯಲುಸೀಮೆಯ ಸಣ್ಣ ನರಿ. ಕನ್ನಡದಲ್ಲಿ ನಾವು ಎರಡನ್ನೂ ನರಿ ಎಂದು ಬಿಡುತ್ತೇವೆ. ಈ ಸಣ್ಣ ನರಿ ಎರಡು ಮೂರು ಕಿಲೋ ತೂಗುವ ಜೀವ. ಇಲಿ, ಮಿಡತೆ, ಏಡಿ, ಬಾರೆಹಣ್ಣು ಅದರ ಊಟ. ಅಂದರೆ ರೈತನ ಹೊಲ ಕಾಯುವ ಕೂಲಿ ಕೇಳದ ಆಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡಕ್ಕೂ ರಕ್ಷಣೆ ಕೊಟ್ಟಿದೆ. ಹೊಡೆದರೆ ಜೈಲು. ಬೆಳೆ ಕಾಯಲು ಲೈಸೆನ್ಸ್ ಪಡೆದ ಬಂದೂಕು ಮನೆಯಲ್ಲಿದ್ದರೂ ನರಿಯ ಮೇಲೆ ಎತ್ತುವಂತಿಲ್ಲ. ಊರಲ್ಲಿ ಕೋಳಿ ಹೋಯಿತು ಎಂದು ತಮ್ಮ ಗೊಣಗಿದಾಗಲೆಲ್ಲ ನಾನು ಹೇಳುವುದು ಒಂದೇ, ಗೂಡಿನ ಬಾಗಿಲಿಗೆ ಚಿಲಕ ಹಾಕು.

ತಿಂಗಳಾದ ಮೇಲೆ ಅಕ್ಕನ ಮಗ ಮತ್ತೆ ಫೋನು ಮಾಡಿದ. ರೈಫಲ್ ತಗೊಂಡಿಲ್ಲ. ಮರಿ ಹಾಕುವ ಕುರಿಗಳನ್ನು ಮನೆಯ ಹತ್ತಿರ ತಂತಿಬೇಲಿಯೊಳಗೆ ಕೂಡಿದ್ದಾನೆ. ಆಚೆ ಗುಡ್ಡದ ಬುಡದಲ್ಲಿ ನೂರಾರು ಎಕರೆ ಇರುವ ಹಿರಿಯ ರೈತರೊಬ್ಬರು ಅಕ್ಕಪಕ್ಕದವರನ್ನು ಸೇರಿಸಿ ನರಿ ಹತೋಟಿ ಮಾಡುತ್ತಾರೆ. ಅವರ ಕೈಯಲ್ಲಿ ಹಳೆಯ .223, ಗುರಿಯ ಹಿಂದೆ ಇಡೀ ಗುಡ್ಡ. ಇವನು ಜೊತೆಗೆ ಹೋಗಿ ದೀಪ ಹಿಡಿಯುತ್ತಾನೆ, ಲೈಸೆನ್ಸಿನ ತರಬೇತಿಗೂ ಹೆಸರು ಕೊಟ್ಟಿದ್ದಾನೆ.

"ಆಮೇಲೆ ಮರಿ ಹೋದವೇನೋ?" ಎಂದೆ.

"ಒಂದು ಹೋತ್ರಿ ಮಾಮಾ. ಚಳಿಗೆ."