ಯುದ್ಧ ಬಿಟ್ಟುಹೋದ ರನ್‌ವೇಗಳಿಗೆ ಮತ್ತೆ ಜೀವ

2024ರ ಜೂನ್ 22ರಂದು ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪದಲ್ಲಿ ಅಮೆರಿಕದ ಮರೀನ್ ಪಡೆಯ ಕೆಸಿ-130ಜೆ ವಿಮಾನವೊಂದು ಇಳಿಯಿತು. 1944ರಲ್ಲಿ ಇದೇ ಮೈದಾನ ಹಿಡಿಯಲು ನಡೆದ ಕದನದಲ್ಲಿ ಜಪಾನ್ ಮತ್ತು ಅಮೆರಿಕದ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಮಣ್ಣಲ್ಲಿ ಸಿಡಿಯದೆ ಉಳಿದಿದ್ದ ಬಾಂಬುಗಳನ್ನು ಹೆಕ್ಕಿ ತೆಗೆದು, ಗಿಡಗಂಟಿ ಕಡಿದು, ನೆಲ ಗಟ್ಟಿ ಮಾಡಿದ ಮೇಲೆ ಆ ರನ್‌ವೇ ಮತ್ತೆ ಕೆಲಸಕ್ಕೆ ಬಂತು.

ಅದೇ ಸಾಗರದ ಟಿನಿಯನ್ ದ್ವೀಪದ ಕಥೆ ಇನ್ನೂ ದೊಡ್ಡದು. ಜಪಾನಿಯರಿಂದ ದ್ವೀಪ ಕಸಿದುಕೊಂಡ ಅಮೆರಿಕ, ಅದರ ಉತ್ತರ ತುದಿಯಲ್ಲಿ ತಲಾ 8,500 ಅಡಿಯ ನಾಲ್ಕು ರನ್‌ವೇಗಳನ್ನು ಹಾಸಿತು. ಹಿರೋಶಿಮಾ, ನಾಗಾಸಾಕಿಗಳ ಮೇಲೆ ಅಣುಬಾಂಬ್ ಹಾಕಿದ ವಿಮಾನಗಳು 1945ರ ಆಗಸ್ಟ್‌ನಲ್ಲಿ ಹಾರಿದ್ದು ಇಲ್ಲಿಂದಲೇ. ಯುದ್ಧ ಮುಗಿದ ಮೇಲೆ ಅಷ್ಟನ್ನೂ ಕಾಡು ನುಂಗಿತು. ಈಗ ಅಮೆರಿಕದ ವಾಯುಪಡೆ ಅಲ್ಲಿ 2 ಕೋಟಿ ಚದರ ಅಡಿಗೂ ಹೆಚ್ಚಿನ, ಅಂದರೆ ಸುಮಾರು 460 ಎಕರೆ ಹಳೆಯ ಹಾಸನ್ನು ಹೊರತೆಗೆದು ದುರಸ್ತಿ ಮಾಡುವ ಕೆಲಸಕ್ಕೆ ಕೈಹಾಕಿದೆ.

ಹಂಚಿ ಇಡುವ ಲೆಕ್ಕ

ಇದರ ಹಿಂದಿನ ಕಾರಣ ಸರಳ. ಗುವಾಮ್, ಒಕಿನಾವಾಗಳಂಥ ದೊಡ್ಡ ನೆಲೆಗಳು ಈಗ ಚೀನಾದ ಕ್ಷಿಪಣಿಗಳ ವ್ಯಾಪ್ತಿಯೊಳಗಿವೆ. ವಿಮಾನಗಳೆಲ್ಲ ಒಂದೇ ಕಡೆ ನಿಂತಿದ್ದರೆ ಒಂದು ದಾಳಿಯಲ್ಲಿ ಎಲ್ಲವೂ ಹೋಗಬಹುದು. ಬಿತ್ತನೆ ಬೀಜವನ್ನೆಲ್ಲ ಒಂದೇ ಹಗೇವಿನಲ್ಲಿ ತುಂಬದ ರೈತನ ವಿವೇಕವೇ ಇಲ್ಲಿಯೂ ಕೆಲಸ ಮಾಡುತ್ತದೆ. ಹತ್ತಾರು ಸಣ್ಣ ಮೈದಾನಗಳನ್ನು ಸಿದ್ಧವಾಗಿಟ್ಟರೆ ಒಂದೆಡೆ ಇಳಿದು, ಇಂಧನ ತುಂಬಿಸಿಕೊಂಡು, ಶತ್ರು ಗುರಿ ಹಿಡಿಯುವ ಮೊದಲೇ ಮತ್ತೊಂದೆಡೆಗೆ ಹಾರಿಹೋಗಬಹುದು. ಆದರೆ ರನ್‌ವೇ ಒಂದಿದ್ದರೆ ಸಾಲದು. ಇಂಧನದ ಸಂಗ್ರಹ, ನೀರು, ಬಂದರು, ಬಾಂಬಿನ ಗುಂಡಿಯನ್ನು ಕೆಲವೇ ಗಂಟೆಗಳಲ್ಲಿ ಮುಚ್ಚಬಲ್ಲ ಎಂಜಿನಿಯರ್‌ಗಳು ಎಲ್ಲವೂ ಬೇಕು.

ಹಳೆಯ ಜಾಗಗಳನ್ನೇ ಹುಡುಕಿಕೊಂಡು ಹೋಗುವುದೇಕೆ ಎಂಬುದು ಹಂಪಿಯೆದುರು ತುಂಗಭದ್ರೆಯ ದಂಡೆಯಲ್ಲಿರುವ ಆನೆಗೊಂದಿಯ ಜನರಿಗೆ ಬೇಗ ಅರ್ಥವಾದೀತು. ಕಂಪಿಲ ರಾಜ್ಯ 1327ರಲ್ಲಿ ದೆಹಲಿ ಸುಲ್ತಾನರ ಸೈನ್ಯದೆದುರು ಬಿತ್ತು. ಹತ್ತು ವರ್ಷ ತುಂಬುವ ಮೊದಲೇ, 1336ರಲ್ಲಿ, ಇದೇ ತುಂಗಭದ್ರೆಯ ದಂಡೆಯಲ್ಲಿ ವಿಜಯನಗರ ತಲೆ ಎತ್ತಿತು. ಅರಸರು ಬದಲಾದರು, ಬಂಡೆಗುಡ್ಡಗಳ ಸಾಲು ಮತ್ತು ತುಂಬಿ ಹರಿಯುವ ಹೊಳೆ ಕೊಡುವ ರಕ್ಷಣೆ ಬದಲಾಗಲಿಲ್ಲ. ಸಮುದ್ರದ ದಾರಿಗಳ ವಿಷಯವೂ ಹಾಗೆಯೇ. ಮಲಕ್ಕಾ ಜಲಸಂಧಿ 1942ರಲ್ಲಿ ಎಲ್ಲಿತ್ತೋ ಇಂದೂ ಅಲ್ಲಿಯೇ ಇದೆ.

ನಮ್ಮ ದ್ವೀಪ, ನಮ್ಮ ಬಯಲು

ಜಪಾನ್ 1942ರ ಮಾರ್ಚ್‌ನಲ್ಲಿ ಅಂಡಮಾನ್ ಹಿಡಿಯಿತು. ಕಾರ್ ನಿಕೋಬಾರ್‌ನಲ್ಲಿ ಸ್ಥಳೀಯರನ್ನು ಬಲವಂತವಾಗಿ ದುಡಿಸಿ ವಿಮಾನ ಮೈದಾನ ಮಾಡಿಸಿತು. ಅದೇ ಜಾಗ ಮುಂದೆ ಭಾರತೀಯ ವಾಯುಪಡೆಯ ನೆಲೆಯಾಯಿತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಆ ನೆಲೆಯ ನೂರಕ್ಕೂ ಹೆಚ್ಚು ಸಿಬ್ಬಂದಿ ಮತ್ತು ಅವರ ಮನೆಯವರು ಪ್ರಾಣ ಕಳೆದುಕೊಂಡರು. ಆದರೂ ವಾಯುಪಡೆ ಆ ಜಾಗ ಬಿಡಲಿಲ್ಲ. ನೆಲೆಯನ್ನು ಮತ್ತೆ ಕಟ್ಟಿತು. ಇನ್ನೂ ದಕ್ಷಿಣಕ್ಕೆ, ಗ್ರೇಟ್ ನಿಕೋಬಾರ್‌ನ ಕ್ಯಾಂಪ್‌ಬೆಲ್ ಬೇಯಲ್ಲಿ, ನೌಕಾಪಡೆ 2012ರಲ್ಲಿ ಐಎನ್‌ಎಸ್ ಬಾಜ್ ನೆಲೆ ತೆರೆಯಿತು. ಮುಖ್ಯಭೂಮಿಯಲ್ಲಿ, ಎರಡನೇ ಮಹಾಯುದ್ಧದ ಕಾಲದ ತಂಜಾವೂರು ಮೈದಾನ 2013ರಲ್ಲಿ ವಾಯುನೆಲೆಯಾಗಿ, 2020ರಲ್ಲಿ ಬ್ರಹ್ಮೋಸ್ ಕ್ಷಿಪಣಿ ಹೊರಬಲ್ಲ ಸುಖೋಯ್-30 ವಿಮಾನಗಳ ಸ್ಕ್ವಾಡ್ರನ್ ಪಡೆಯಿತು. ಹಿಂದೂ ಮಹಾಸಾಗರದ ಮೇಲೆ ಕಣ್ಣಿಡುವುದು ಅದರ ಕೆಲಸ.

ಕರ್ನಾಟಕದಲ್ಲಿಯೂ ಯುದ್ಧಕಾಲದ ಎರಡು ಮೈದಾನಗಳು ಬದುಕಿ ಉಳಿದಿವೆ. ಎರಡರ ಹುಟ್ಟೂ 1942ರದು. ಬೆಳಗಾವಿಯ ಸಾಂಬ್ರಾದಿಂದ 1961ರ ಡಿಸೆಂಬರ್ 18ರಂದು ಹಾರಿದ ಹಂಟರ್ ವಿಮಾನಗಳು ಗೋವಾದ ಬಾಂಬೋಲಿಮ್ ರೇಡಿಯೊ ಕೇಂದ್ರವನ್ನು ಕೆಡವಿ, ಪೋರ್ಚುಗೀಸರ ಸಂಪರ್ಕ ಕಡಿದವು. ಮರುದಿನ ಗೋವಾ ಬಿಡುಗಡೆಯಾಯಿತು. ಇಂದು ಸಾಂಬ್ರಾದಲ್ಲಿ ವಾಯುಪಡೆಯ ಯೋಧರ ತರಬೇತಿ ನಡೆಯುತ್ತದೆ. ಊರಿನವರು ಅಲ್ಲಿಂದಲೇ ವಿಮಾನ ಹತ್ತುತ್ತಾರೆ. ಬೀದರ್ ಮೈದಾನ ಹುಟ್ಟಿದ್ದು ನಿಜಾಮನ ಸೀಮೆಯಲ್ಲಿ. 1963ರಿಂದ ಅಲ್ಲಿ ಪೈಲಟ್‌ಗಳು ತಯಾರಾಗುತ್ತಿದ್ದಾರೆ. ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಕಟ್ಟಿಕೊಂಡದ್ದು ಅಲ್ಲಿ; 2008ರಿಂದ ಹಾಕ್ ತರಬೇತಿ ವಿಮಾನಗಳೂ ಅಲ್ಲಿವೆ. 2020ರ ಫೆಬ್ರವರಿಯಲ್ಲಿ ಅದೇ ರನ್‌ವೇಯಿಂದ ಬೆಂಗಳೂರಿಗೆ ನಾಗರಿಕ ವಿಮಾನ ಶುರುವಾಯಿತು. ಆ ನೆಲವನ್ನು ಯಾರೂ ಒಡೆದು ಹಂಚಿರಲಿಲ್ಲ. ಆದ್ದರಿಂದಲೇ ಇವೆಲ್ಲ ಸಾಧ್ಯವಾದವು.

ನೆಲ ಯಾರದು?

ಆದರೆ ನೆಲದ ಮೇಲೆ ಜನ ಇರುತ್ತಾರೆ. ಟಿನಿಯನ್‌ನಲ್ಲಿ ಇರುವುದು ಎರಡು ಸಾವಿರ ಜನ. ದ್ವೀಪದ ಸುಮಾರು ಮೂರರಲ್ಲಿ ಎರಡು ಪಾಲು ಅಮೆರಿಕದ ಸೇನೆಗೆ ಗುತ್ತಿಗೆಯಲ್ಲಿದೆ. ಹಳೆಯ ಮೈದಾನ 1985ರಿಂದ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕವೂ ಹೌದು. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದ ಮೇಲೆ, ಮನೆ ಕಟ್ಟಲು ಪ್ರಾಧಿಕಾರದ ಅನುಮತಿ ಕಾಯುವ ಆನೆಗೊಂದಿಯವರಿಗೆ ಟಿನಿಯನ್‌ನವರ ಇಕ್ಕಟ್ಟು ಹೊಸದಲ್ಲ. ದೇಶಕ್ಕೆ, ಜಗತ್ತಿಗೆ ಬೇಕಾದ ನೆಲದಲ್ಲಿ ಹುಟ್ಟಿದವನ ಮಾತಿಗೆ ಎಷ್ಟು ತೂಕ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಟಿನಿಯನ್‌ನಿಂದ ಬಾಂಬರ್‌ಗಳು ಹಾರುತ್ತಿದ್ದ 1945ರಲ್ಲಿಯೇ ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ನೀರಲ್ಲಿ ಮುಳುಗಿದ ಹಳ್ಳಿಗಳ ಮಕ್ಕಳು ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ. ನೆಲ ಕೊಟ್ಟವರ ನೋವಿಗೆ ಲೆಕ್ಕ ಇಡದಿದ್ದರೆ ಏನಾಗುತ್ತದೆಂದು ಕೊಪ್ಪಳ ಜಿಲ್ಲೆಗೆ ಗೊತ್ತು.

ಹಳೆಯ ಮೈದಾನವನ್ನು ಎಬ್ಬಿಸುವುದು ವಿವೇಕದ ದಾರಿ ಎನ್ನುವುದಕ್ಕೆ ಇದೇ ದೊಡ್ಡ ಕಾರಣ. ಹೊಸ ನೆಲೆ ಎಂದರೆ ಹೊಸ ಭೂಸ್ವಾಧೀನ, ಹೊಸ ಸ್ಥಳಾಂತರ, ಹೊಸ ಕಾಡು ನಾಶ. ಹಳೆಯದನ್ನು ಉಳಿಸಿಕೊಂಡವರಿಗೆ ಅದರಲ್ಲಿ ಬಹುಪಾಲು ತಪ್ಪುತ್ತದೆ. ಕೊಪ್ಪಳಕ್ಕೊಂದು ವಿಮಾನ ನಿಲ್ದಾಣ ಬೇಕೆಂಬ ಕೂಗು ಬಹುಕಾಲದಿಂದ ಇದೆ. ಗಿಣಿಗೇರಿಯ ಬಳಿ ಖಾಸಗಿ ರನ್‌ವೇ ಇದೆ; ಹೊಳೆಯಾಚೆ ತೋರಣಗಲ್ಲಿನಲ್ಲಿ ವಿದ್ಯಾನಗರ ನಿಲ್ದಾಣವಿದೆ. ರೈತನ ಎರೆ ಹೊಲಕ್ಕೆ ನೋಟಿಸು ಕಳಿಸುವ ಮೊದಲು ಸರ್ಕಾರ ಇವುಗಳ ಬಳಕೆಗೆ ದಾರಿ ಹುಡುಕಲಿ. ರಾಜ್ಯದಲ್ಲಿ ಉಳಿದಿರುವ ಹಳೆಯ ವಿಮಾನ ಮೈದಾನಗಳ ಗಡಿ ಅಳೆಸಿ, ಒತ್ತುವರಿ ತಡೆದು, ಅಲ್ಲಿ ಒಂದು ಗುಂಟೆಯೂ ಲೇಔಟ್ ಆಗದಂತೆ ಕಾಯಲಿ. ಆ ನೆಲಕ್ಕೆ ಒಮ್ಮೆ ಬೆಲೆ ತೆತ್ತವರು ನಮ್ಮ ಹಿರಿಯರು. ಎರಡನೇ ಸಲ ಬೇರೆ ರೈತನಿಂದ ಅದನ್ನು ವಸೂಲಿ ಮಾಡಬಾರದು.